ಏಳನೇ ಮೆಟ್ಟಿಲಿನ ಒಂದು

ಬಾಗಿಲು ತಟ್ಟಿದ ಹೆಂಗಸು ಒಳಗೆ ಬರಲಿಲ್ಲ. ಹೊಸ್ತಿಲಿನಾಚೆಯೇ ನಿಂತು, ಕೈಚೀಲವನ್ನು ಎದೆಗೆ ಅವಚಿಕೊಂಡು, "ನಿಧಾನಯ್ಯ ಅನ್ನೋರ ಮನೆ ಇದೇನಾ?" ಎಂದು ಕೇಳಿದಳು. ಕರಡಪ್ಪ ಹೌದೆಂದ. ಆಕೆ ಆಗಲೂ ಕದಲಲಿಲ್ಲ. ಅಳು ಮುಗಿಸಿ ಬಂದವರ ಮುಖ ಹೇಗಿರುತ್ತದೆಂದು ಕರಡಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಹೆಂಡತಿ ತೀರಿಕೊಂಡ ವರ್ಷ ಅವನು ದಿನವೂ ಕನ್ನಡಿಯಲ್ಲಿ ಅದನ್ನೇ ನೋಡಿದ್ದ. ಬಾಗಿಲನ್ನು ಪೂರ್ತಿ ತೆರೆದು ಪಕ್ಕಕ್ಕೆ ಸರಿದ.

ಕರಡಪ್ಪ ಅಚ್ಚುಕೂಟದಲ್ಲಿ ಕರಡು ತಿದ್ದುವವನು. ಅವನಿಗೆ ಕೆಲಸವೇ ಹೆಸರಾಗಿತ್ತು. ಅಚ್ಚುಕೂಟದ ಮೇಲಿನ ಎರಡು ಕೋಣೆಗಳಲ್ಲಿ ಅವನ ಜೊತೆ ವಾಸವಾಗಿದ್ದ ಹಿರಿಯರಿಗೆ ಸ್ವಭಾವವೇ ಹೆಸರಾಗಿತ್ತು. ನಿಧಾನಯ್ಯ ಒಂದು ಕಾಲಕ್ಕೆ ನ್ಯಾಯಾಲಯದಲ್ಲಿ ಸಾಕ್ಷಿಗಳ ಹೇಳಿಕೆ ಬರೆದುಕೊಳ್ಳುತ್ತಿದ್ದವರು. ಸುಳ್ಳನ್ನೂ ನಿಜವನ್ನೂ ಒಂದೇ ಕೈಯಲ್ಲಿ ಬರೆದು ಬರೆದು, ಎರಡರ ಸದ್ದೂ ಬೇರೆ ಬೇರೆ ಎಂದು ಕಂಡುಕೊಂಡಿದ್ದರು. ಪೊಲೀಸರು ಕೈಚೆಲ್ಲಿದ ಎಷ್ಟೋ ಗಂಟುಗಳನ್ನು ಬಿಡಿಸಿದ್ದರು. ಅವಸರ ಮಾತ್ರ ಮಾಡುತ್ತಿರಲಿಲ್ಲ. ಬೇಯುವ ತನಕ ಕಾದವರಿಗೆ ಆರುವ ತನಕ ಕಾಯಲಾಗದೇ ಎನ್ನುವುದು ಅವರ ಮಾತು.

ಹೆಂಗಸು ತನ್ನ ಅಕ್ಕನ ವಿಷಯ ಹೇಳಲು ಬಂದಿದ್ದಳು. ಅಕ್ಕ ಗಣಿತ ಸಂಸ್ಥೆಯಲ್ಲಿ ಜೀವಮಾನವಿಡೀ ಕೆಲಸ ಮಾಡಿ ಮೂರು ವರ್ಷದ ಹಿಂದೆ ನಿವೃತ್ತಳಾದವಳು. ಮದುವೆಯಾಗಿರಲಿಲ್ಲ. ತನ್ನದೇ ಇಕ್ಕಟ್ಟಾದ ಮನೆಯ ಮಹಡಿಯಲ್ಲಿ ಒಬ್ಬಳೇ ಇದ್ದಳು. ಕೆಳಗಿನ ಭಾಗವನ್ನು ಒಬ್ಬ ದರ್ಜಿ ಹೆಂಗಸಿಗೆ ಬಾಡಿಗೆಗೆ ಕೊಟ್ಟಿದ್ದಳು. ವಾರದ ಹಿಂದೆ ಒಂದು ಬೆಳಿಗ್ಗೆ ಅವಳು ಮೆಟ್ಟಿಲ ಬುಡದಲ್ಲಿ, ಕಲ್ಲುಹಾಸಿನ ಮೇಲೆ ಸತ್ತುಬಿದ್ದಿದ್ದನ್ನು ಆ ದರ್ಜಿಯೇ ಕಂಡಳು. ರಾತ್ರಿ ದೀಪವಿಲ್ಲದೆ ಇಳಿಯುವಾಗ ಮೇಲಿನ ಮೆಟ್ಟಿಲಿನಿಂದ ಜಾರಿರಬೇಕು ಎಂದು ಪೊಲೀಸರು ಬರೆದುಕೊಂಡು ಹೋದರು.

"ನಾನೂ ಹಾಗೇ ಅಂದ್ಕೊಂಡೆ ಸರ್. ಆದ್ರೆ ಹಿಂದಿನ ದಿನ ಅವಳು ಫೋನ್ ಮಾಡಿದ್ಲು. ತಾನಾಗಿ ಮಾಡೋದೇ ಅಪರೂಪ. 'ಅದು ಒಂಟಿ ಅಲ್ಲ ಕಣೇ. ಒಳಗೆ ಯಾರೋ ಇದ್ದಾರೆ. ಯಾರು ಅಂತ ಗೊತ್ತಿಲ್ಲ, ಆದ್ರೆ ಇದ್ದಾರೆ' ಅಂದ್ಲು. ನಂಗೆ ಎದೆ ಧಸಕ್ ಅಂತು. ಚಿಲಕ ಹಾಕ್ಕೊಂಡು ಮಲಗು ಅಂದೆ. ನಕ್ಕುಬಿಟ್ಲು. 'ನಾಳೆ ಅವರಿಗೆ ಹೇಳ್ತೀನಿ, ಮೊದಲು ಅವರಿಗೇ ಹೇಳ್ಬೇಕು, ಆಗಲೇ ಅವರ ಮರ್ಯಾದೆ ಉಳಿಯೋದು' ಅಂದ್ಲು."

"ಯಾರಿಗೆ ಅಂತ ಕೇಳಿದ್ರಾ?" ಎಂದರು ನಿಧಾನಯ್ಯ.

ತಂಗಿ ಕೈಚೀಲದ ಹಿಡಿಯನ್ನು ನೋಡುತ್ತ, "ಇಲ್ಲ ಸರ್. ಒಲೆ ಮೇಲೆ ಹಾಲಿತ್ತು," ಎಂದಳು.

ಆ ಮನೆ ಎರಡು ಗೋದಾಮುಗಳ ನಡುವೆ ಸಿಕ್ಕಿಕೊಂಡಂತೆ ನಿಂತಿತ್ತು. ದರ್ಜಿಯ ಅಂಗಡಿ ಬೀದಿಯ ಕಡೆಗೆ; ಮಹಡಿಗೆ ಹೋಗುವ ಬಾಗಿಲು ಪಕ್ಕದ ಓಣಿಯಲ್ಲಿ. ಬಾಗಿಲು ತೆರೆದರೆ ಐದಾರು ಜನ ಒತ್ತಿಕೊಂಡು ನಿಲ್ಲುವಷ್ಟೇ ಜಾಗ, ಅಲ್ಲಿಂದ ನೆಟ್ಟಗೆ ಏರುವ ಎಂಟು ಎತ್ತರದ ಮೆಟ್ಟಿಲು, ಮೇಲೆ ಕೋಣೆಯ ಬಾಗಿಲು. ಹೊಸ ಬೂದು ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ನಿಧಾನಯ್ಯನವರ ಹಳೆಯ ಪರಿಚಯದ ಇನ್ಸ್‌ಪೆಕ್ಟರ್ ಕೂಡ ಬಂದಿದ್ದರು. ಇದರಲ್ಲಿ ನೋಡಲಿಕ್ಕೆ ಏನಿದೆ ಎಂಬ ಮುಖ ಮಾಡಿಕೊಂಡಿದ್ದರೂ ಬಂದಿದ್ದರು.

ಪ್ರತಿ ಮೆಟ್ಟಿಲಿನ ಎದುರು ಮುಖಕ್ಕೂ, ಮನೆ ನಂಬರಿನ ಫಲಕದ ಹಾಗೆ, ಒಂದೊಂದು ಅಂಕಿಯ ಎನಾಮೆಲ್ ತಗಡು ಎರಡು ಮೊಳೆಗಳ ಮೇಲೆ ತೂಗುತ್ತಿತ್ತು. ಅಂಕಿ ಓದುವುದು ಕರಡಪ್ಪನ ಹೊಟ್ಟೆಪಾಡು. ಕೆಳಗಿನಿಂದ ಓದಿದ: ಏಳು, ಮೂರು, ಒಂಬತ್ತು, ಮೂರು, ಒಂಬತ್ತು, ಮೂರು, ಒಂದು, ಮೂರು.

"ಇದು ಅವಳ ಸಂಖ್ಯೆ," ಎಂದಳು ತಂಗಿ. "ಚಿಕ್ಕಂದಿನಿಂದ ಇದರ ಮೇಲೆ ಜೀವ. ಇದನ್ನ ಯಾರಿಂದಲೂ ಭಾಗಿಸೋಕಾಗಲ್ಲ ಅನ್ನೋಳು. ನಂಗೆ ಏಳರಿಂದ ಶುರುವಾಗುತ್ತೆ ಅನ್ನೋದು ಬಿಟ್ರೆ ಏನೂ ನೆನಪಿರಲಿಲ್ಲ."

ನಿಧಾನಯ್ಯ ಮಂಡಿಯೂರಿ ಒಂದೊಂದೇ ತಗಡನ್ನು ಉಗುರಿನಿಂದ ಸ್ವಲ್ಪ ಎತ್ತಿ ನೋಡುತ್ತ ಹತ್ತಿದರು. ಕೆಳಗಿನ ಐದೂ ಹಗುರವಾಗಿ ಎದ್ದವು; ಹಸಿ ಬಣ್ಣಕ್ಕೆ ತಾಗದಿರಲೆಂದು ಪ್ರತಿಯೊಂದರ ಹಿಂದೆ ದಪ್ಪ ಉಣ್ಣೆಬಟ್ಟೆಯ ಎರಡು ಚೂರು ಅಂಟಿಸಿತ್ತು. ಮೇಲಿನ ಮೂರರ ಹಿಂದೆ ಏನೂ ಇರಲಿಲ್ಲ. ಅವು ಬಣ್ಣಕ್ಕೆ ಕಚ್ಚಿಕೊಂಡಿದ್ದವು. ನಿಧಾನಯ್ಯ ಅವನ್ನು ಬಲವಂತ ಮಾಡಿ ಕೀಳಲಿಲ್ಲ. ಇನ್ಸ್‌ಪೆಕ್ಟರ್ ಕಡೆ ತಿರುಗಿ, ಸತ್ತಾಗ ಆಕೆಯ ಮೈಮೇಲೆ ಏನೇನಿತ್ತು ಎಂದು ಕೇಳಿದರು. ಕೆಲಸದ ಏಪ್ರನ್ನು, ಅದರ ಜೇಬಿನಲ್ಲಿ ಮಹಡಿ ಕೋಣೆಯ ಬೀಗದ ಕೈ, ಆರು ಬಟ್ಟೆ ಚೂರು. ಬಣ್ಣದ ಧೂಳು ಒಳಗೆ ಬಾರದಿರಲೆಂದು ಆಕೆ ಕೋಣೆಗೆ ಬೀಗ ಹಾಕಿದ್ದರು. ಅದನ್ನು ತೆರೆದದ್ದು ಮಾರನೆಯ ದಿನ, ಪೊಲೀಸರ ಎದುರಿಗೆ, ತಂಗಿಯೇ.

ಕೋಣೆ ಅಚ್ಚುಕಟ್ಟಾಗಿತ್ತು. ಒಂದು ತಟ್ಟೆ, ಒಂದು ಲೋಟ, ಒಂದು ದಿಂಬು. ಮೇಜಿನ ಮೇಲೆ ಒಂದು ಕಂಪ್ಯೂಟರು, ಪಕ್ಕದಲ್ಲಿ ಕಾಗದ ಹಾರದಂತೆ ಇಡುವ ಗಾಜಿನ ಗುಂಡು. ಗುಂಡಿನೊಳಗೆ ಚಿನ್ನದ ಬಣ್ಣದಲ್ಲಿ ಸಂಖ್ಯೆ ಕೆತ್ತಿತ್ತು. ಕರಡಪ್ಪ ಅಭ್ಯಾಸಬಲದಿಂದ ಅದನ್ನೂ ಮೆಟ್ಟಿಲನ್ನೂ ತಾಳೆ ನೋಡಿದ. 73939313. ಒಂದಂಕಿಯೂ ವ್ಯತ್ಯಾಸವಿರಲಿಲ್ಲ. ಗಾಜು ಎಷ್ಟು ಹೊಳೆಯುತ್ತಿತ್ತೆಂದರೆ ಅದನ್ನು ದಿನವೂ ಒರೆಸುವ ಕೈಯೊಂದು ಆ ಮನೆಯಲ್ಲಿತ್ತೆಂದು ಹೇಳಬೇಕಾಗಿರಲಿಲ್ಲ.

ಮೆಟ್ಟಿಲಿಗೆ ಬಣ್ಣ ಬಳಿದಿದ್ದ ಬಣ್ಣದವನು ಕರೆದ ಕೂಡಲೇ ಬಂದ. ಹೆದರಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಲೋಕ ಅವನಿಗೆ ಹೊಸದಾಗಿರಲಿಲ್ಲ. ಆ ದಿನ ಸಂಜೆ ಬೆಳಕು ಮಂದವಾಗುವ ಹೊತ್ತಿಗೆ ಕೆಲಸ ಮುಗಿಸಿ ಹೊರಟೆ, ಬಣ್ಣ ಒಣಗಿಲ್ಲ, ತಗಡುಗಳನ್ನ ನಾಳೆ ನಾನೇ ಹಾಕ್ತೀನಿ ಅಂದೆ, ಮೇಡಂ ಕೇಳಲಿಲ್ಲ, ಬರೀ ಮೆಟ್ಟಿಲು ಹತ್ತೋಕೆ ನನ್ನಿಂದಾಗಲ್ಲ ಅಂದುಬಿಟ್ಟರು ಎಂದ. ಅಂಕಿಗಳ ಕ್ರಮ ಗೊತ್ತಿತ್ತೇ ಎಂದು ನಿಧಾನಯ್ಯ ಕೇಳಿದರು. ಅದೆಲ್ಲ ತನಗೇಕೆ, ಬಿಚ್ಚುವಾಗ ಪ್ರತಿ ತಗಡಿನ ಬೆನ್ನಿಗೂ ಮೆಟ್ಟಿಲಿನ ಲೆಕ್ಕ ಪೆನ್ಸಿಲಿನಲ್ಲಿ ಬರೆದಿದ್ದೆ, ಬಾಗಿಲಿನ ಹಲಗೆಗಳಿಗೂ ಹಾಗೇ ಮಾಡುವುದು ಎಂದ.

ದರ್ಜಿ ಹೆಂಗಸು ಹೊಲಿಗೆ ನಿಲ್ಲಿಸದೆಯೇ ಮಾತಾಡಿದಳು. ಮೇಡಂಗೂ ತನಗೂ ಮೊದಮೊದಲು ಮೆಷಿನ್ನಿನ ಸದ್ದಿಗಾಗಿ ಜಗಳವಾಗಿತ್ತು. ಮನೆ ಬಿಡಿ ಎಂದೂ ಹೇಳಿದ್ದರು. ಆಮೇಲೆ ಅದೇನು ಮನಸ್ಸಾಯಿತೋ, ಸದ್ದು ನಿಂತರೇ ಬೇಜಾರು, ಇರಲಿ ಬಿಡಿ ಅಂದರಂತೆ. ಆ ಸಂಜೆ ಬಣ್ಣದವನು ಹೋದ ಬೆನ್ನಿಗೇ ಬಂದು ದಪ್ಪ ಬಟ್ಟೆಯ ಚೂರು ಕೇಳಿ ಪಡೆದುಕೊಂಡು ಹೋದರು. ಅವಸರದ ಕೆಲಸವೊಂದಿತ್ತು, ಇವಳು ಮೆಷಿನ್ ಹಾಕಿದಳು. ಓಣಿಯಲ್ಲಿ ಯಾರು ಬಂದರು ಹೋದರು, ಕೇಳಿಸಲಿಲ್ಲ.

"ಮೆಷಿನ್ ನಿಲ್ಲಿಸಿದ ಮೇಲೆ?" ಎಂದರು ನಿಧಾನಯ್ಯ.

ಆಗ ಅವಳ ಕಾಲು ನಿಂತಿತು. "ಆಮೇಲೆ ಒಂದು ಸದ್ದೂ ಇಲ್ಲ. ಅದೇ ವಿಚಿತ್ರ. ದಿನಾ ಮಲಗೋ ಮುಂಚೆ ಕೆಳಗೆ ಬಂದು ಓಣಿ ಬಾಗಿಲು ಹಾಕಿ ಹತ್ತೋರು. ಹತ್ತುವಾಗ ಹೆಜ್ಜೆಗೊಂದು ಅಂಕಿ ಬಾಯಲ್ಲಿ ಹೇಳೋರು. ಗೋಡೆ ತೆಳು, ನಂಗೆ ಕೇಳಿಸೋದು. ಏಳು, ಮೂರು, ಒಂಬತ್ತು, ಮೂರು, ಒಂಬತ್ತು, ಒಂದು, ಮೂರು, ಮೂರು. ಅದು ಮುಗಿದ್ರೆ ನಾನೂ ದೀಪ ಆರಿಸ್ತಿದ್ದೆ. ಆ ರಾತ್ರಿ ಅದು ಬರಲೇ ಇಲ್ಲ. ಕಾದು ಕಾದು ಹಾಗೇ ಮಲಗಿದೆ. ಎದ್ದುಹೋಗಿ ನೋಡಬೇಕಿತ್ತು."

ಕರಡಪ್ಪನಿಗೆ ಆ ಕೊನೆಯ ಮಾತು ಚುಚ್ಚಿತು. ನಿಧಾನಯ್ಯ ಮಾತ್ರ ಬೆರಳು ಮಡಿಸುತ್ತ ನಿಂತಿದ್ದರು.

ಗಣಿತ ಸಂಸ್ಥೆಯ ನಿರ್ದೇಶಕರು ಅವರನ್ನು ಆದರದಿಂದ ಬರಮಾಡಿಕೊಂಡರು. ಎತ್ತರದ ನಿಲುವು, ಮೆಲು ಮಾತು. ಸಂಸ್ಥೆಯ ಪ್ರವೇಶದ ಹಜಾರದಲ್ಲಿ ನೆಲದಿಂದ ಸೂರಿನವರೆಗೆ ಇಡೀ ಗೋಡೆಯ ತುಂಬ ಸಣ್ಣ ಸಣ್ಣ ಅಂಕಿಗಳನ್ನು ಕೆತ್ತಿದ್ದರು. ನಿರ್ದೇಶಕರು ಕಂಡುಹಿಡಿದ ಅವಿಭಾಜ್ಯ ಸಂಖ್ಯೆ ಅದು. ಸಾವಿರಾರು ಅಂಕಿ ಉದ್ದ. ಅದನ್ನು ಅನಾವರಣ ಮಾಡಿ ಅವರನ್ನು ಸನ್ಮಾನಿಸಿದ್ದು, ವಿಚಿತ್ರವೆಂದರೆ, ಅದೇ ಸಂಜೆ. ಸಮಾರಂಭ ಸ್ವಲ್ಪ ತಡವಾಗಿ ಆರಂಭವಾಯಿತು, ದಾರಿಯಲ್ಲಿ ತಮ್ಮ ಕಾರು ಕೆಟ್ಟಿತ್ತು ಎಂದು ಅವರೇ ಹೇಳಿದರು. ಆಮೇಲೆ ಊಟ, ಮನೆ ಸೇರಿದಾಗ ಬಹಳ ಹೊತ್ತಾಗಿತ್ತು.

ಸತ್ತವರ ಬಗ್ಗೆ ಹೇಳುವಾಗ ಅವರ ಕಣ್ಣು ನಿಜವಾಗಿಯೂ ಒದ್ದೆಯಾಯಿತು. ಓದುವ ಕಾಲದಿಂದ ಜೊತೆಗಿದ್ದವರು. ಅವರು ನಿವೃತ್ತರಾದ ಮೇಲೆ ಆ ಮನೆಗೆ ಕಾಲಿಡಲು ಆಗಿರಲಿಲ್ಲ, ಕೆಲಸ, ಓಡಾಟ.

ಮೆಟ್ಟಿಲಿನ ಸಂಖ್ಯೆಯಲ್ಲಿ ಅಂಥದ್ದೇನಿದೆ ಎಂದು ನಿಧಾನಯ್ಯ ಕೇಳಿದರು. ನಿರ್ದೇಶಕರ ಮುಖ ಅರಳಿತು. ಅವಿಭಾಜ್ಯ ಎಂದರೆ ಒಂದು ಮತ್ತು ತಾನು, ಇಷ್ಟನ್ನು ಬಿಟ್ಟು ಬೇರಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ಸಂಖ್ಯೆ. ಆಕೆ ಅವಕ್ಕೆ ಒಂಟಿ ಎನ್ನುತ್ತಿದ್ದರು. ಸಣ್ಣ ಒಂಟಿ, ದೊಡ್ಡ ಒಂಟಿ. "ಇದು ಗೋಡೆಯ ಸಂಖ್ಯೆಯಷ್ಟು ದೊಡ್ಡದಲ್ಲ. ಆದ್ರೆ ಇದಕ್ಕೊಂದು ಗುಣ ಇದೆ. ಕೊನೆಯಿಂದ ಒಂದೊಂದೇ ಅಂಕಿ ಅಳಿಸ್ತಾ ಬನ್ನಿ, ಉಳಿದದ್ದು ಪ್ರತಿ ಸಲವೂ ಅವಿಭಾಜ್ಯವೇ. ಏಳು, ಎಪ್ಪತ್ಮೂರು, ಏಳುನೂರ ಮೂವತ್ತೊಂಬತ್ತು, ಹೀಗೇ ಎಂಟು ಮೆಟ್ಟಿಲು. ಯಾವ ಮೆಟ್ಟಿಲಲ್ಲಿ ನಿಂತರೂ ನೀವು ಒಂಟಿ. ಅದರಾಚೆ ಒಂಬತ್ತನೆಯದು ಇಲ್ಲ. ಯಾವ ಅಂಕಿ ಸೇರಿಸಿದರೂ ಒಡೆದುಹೋಗುತ್ತೆ. ಆ ಗುಣ ಇರೋ ಸಂಖ್ಯೆಗಳಲ್ಲೆಲ್ಲ ಇದೇ ಕೊನೇದು, ಇದೇ ದೊಡ್ಡದು."

"ನಿಮಗೆ ಬಾಯಿಪಾಠವೇ ಇರಬೇಕು," ಎಂದರು ನಿಧಾನಯ್ಯ.

"ಇರದೆ ಏನು? ಎಪ್ಪತ್ಮೂರು, ತೊಂಬತ್ಮೂರು, ತೊಂಬತ್ಮೂರು, ಹದಿಮೂರು. ನಿವೃತ್ತಿ ದಿನ ನಾನೇ ಗಾಜಿನ ಗುಂಡಿನಲ್ಲಿ ಕೆತ್ತಿಸಿ ಕೊಟ್ಟೆ. ಕೆತ್ತೋನಿಗೆ ಎಲ್ಲೂ ನೋಡದೆ ಹೇಳಿದ್ದೆ."

ಎದ್ದು ಹೊರಡುವಾಗ ನಿಧಾನಯ್ಯ, ಏನೋ ಮರೆತವರಂತೆ, ಒಂದು ದೊಡ್ಡ ಸಂಖ್ಯೆ ಯಾವುದರಿಂದ ಭಾಗವಾಗುತ್ತದೆಂದು ಗೊತ್ತಿಲ್ಲದೆಯೇ ಅದು ಭಾಗವಾಗುತ್ತದೆ ಎಂದಷ್ಟೇ ಹೇಳಲು ಬರುತ್ತದೆಯೇ ಎಂದು ವಿಚಾರಿಸಿದರು. ನಿರ್ದೇಶಕರು ಬರುತ್ತದೆ ಎಂದರು. ಅದಕ್ಕೊಂದು ಪರೀಕ್ಷೆಯುಂಟು, ಎರಡೋ ಮೂರೋ ಒಂದು ಸಣ್ಣ ಸಂಖ್ಯೆ ಇಟ್ಟುಕೊಂಡು ಮಾಡುವುದು, ನಿಜವಾದ ಅವಿಭಾಜ್ಯವಾದರೆ ಕೊನೆಗೆ ಒಂದು ಎಂಬ ಶೇಷವೇ ಉಳಿಯಬೇಕು. ಬೇರೇನಾದರೂ ಉಳಿದರೆ ಒಳಗೆ ಭಾಜಕಗಳು ಅಡಗಿವೆ ಎಂದೇ ಅರ್ಥ, ಅವು ಯಾವುವೆಂದು ತಿಳಿಯದೇ ಹೋದರೂ. ಇಷ್ಟು ಹೇಳಿ ಗಡಿಯಾರ ನೋಡಿಕೊಂಡರು.

ಮನೆಗೆ ಬಂದು ನಿಧಾನಯ್ಯ ಒಂದು ಹಾಳೆ ತೆಗೆದುಕೊಂಡು, ಶಾಲೆಯ ಮಕ್ಕಳ ಹಾಗೆ ತುಟಿ ಅಲ್ಲಾಡಿಸುತ್ತ ಭಾಗಾಕಾರ ಮಾಡಿದರು. ಕರಡಪ್ಪ ಸಾರು ಬಿಸಿಮಾಡಿ ಕರೆದರೂ ಏಳಲಿಲ್ಲ. ಕೊನೆಗೆ ಪೆನ್ಸಿಲ್ ಕೆಳಗಿಟ್ಟು, "ಪಾಪ, ಮೂರು ವರ್ಷ ಸುಮ್ಮನಿದ್ದರಲ್ಲ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಮೇಲಿನ ಮೂರು ತಗಡುಗಳನ್ನು ನಾಜೂಕಾಗಿ ಬಿಡಿಸಿ, ಹಿಂಬದಿಯನ್ನೂ ಅಂಚನ್ನೂ ಭೂತಗನ್ನಡಿಯಲ್ಲಿ ನೋಡಿ ಎಂದು ಇನ್ಸ್‌ಪೆಕ್ಟರಿಗೆ ಹೇಳಿಕಳಿಸಿದರು.

ಎಲ್ಲರೂ ಸೇರಿದ್ದು ಆ ಓಣಿಯ ಬಾಗಿಲ ಬಳಿಯಲ್ಲೇ. ತಂಗಿ ಮೊದಲ ಮೆಟ್ಟಿಲಿನ ಮೇಲೆ ಕುಳಿತಿದ್ದಳು. ದರ್ಜಿ ಗೋಡೆಗೊರಗಿ, ಬಣ್ಣದವನು ಬಾಗಿಲಿಗೊರಗಿ ನಿಂತಿದ್ದರು. ಸ್ನೇಹಿತೆಯ ನೆನಪಿಗೆ ಎರಡು ಮಾತಾಡಲು ಎಂದು ಕರೆಸಿದ್ದ ನಿರ್ದೇಶಕರು ಕೈಕಟ್ಟಿ ನಿಂತಿದ್ದರು. ಇನ್ಸ್‌ಪೆಕ್ಟರ್ ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಮೂರು ತಗಡುಗಳಿದ್ದವು.

"ಮೊದಲು ಬಟ್ಟೆ ಚೂರಿನ ಮಾತು," ಎಂದು ನಿಧಾನಯ್ಯ ಶುರುಮಾಡಿದರು. "ಒಂದು ತಗಡಿಗೆ ಎರಡು ಚೂರು. ಐದು ತಗಡಿಗೆ ಅಂಟಿಸಿದ್ದಾರೆ. ಆರು ಚೂರು ಜೇಬಲ್ಲೇ ಉಳಿದಿವೆ. ಅಂದ್ರೆ ಮೂರು ತಗಡು ಬಾಕಿ ಇದ್ದಾಗಲೇ ಅವರ ಕೆಲಸ ನಿಂತುಹೋಯ್ತು. ಆದ್ರೆ ಬೆಳಿಗ್ಗೆ ನೋಡಿದ್ರೆ ಎಂಟೂ ತೂಗ್ತಿವೆ. ಉಳಿದ ಮೂರನ್ನ ಹಾಕಿದ್ದು ಇನ್ನೊಂದು ಕೈ. ಆ ರಾತ್ರಿ ಹೆಜ್ಜೆ ಎಣಿಕೆ ಕೇಳಿಸಲಿಲ್ಲ ಅಂತ ಈ ತಾಯಿ ಹೇಳಿದ್ರು. ಸರಿಯೇ. ಅವರು ಮೇಲೆ ಹತ್ತಲೇ ಇಲ್ಲ. ರಾತ್ರಿ ಇಳಿಯುವಾಗ ಬಿದ್ದದ್ದಲ್ಲ, ಸಂಜೆಯೇ, ಬಣ್ಣದವನು ಹೋದ ಸ್ವಲ್ಪ ಹೊತ್ತಿಗೇ, ಐದಾರನೇ ಮೆಟ್ಟಿಲಿನಿಂದ ಬಿದ್ದದ್ದು."

ಮೂರು ತಗಡು ಹಾಕುವ ಗೋಜು ಯಾಕೆ ಎಂದು ಇನ್ಸ್‌ಪೆಕ್ಟರ್ ಕೇಳಿದರು. ಹೊತ್ತನ್ನು ಮುಂದೂಡಲು, ಎಂದರು ನಿಧಾನಯ್ಯ. ಕೆಲಸ ಅರ್ಧಕ್ಕೆ ನಿಂತಿದ್ದರೆ ಸಾವು ಸಂಜೆಯದೆಂದು ಎಂಥವರಿಗೂ ತಿಳಿಯುತ್ತಿತ್ತು. ಎಲ್ಲ ಮುಗಿಸಿ, ದೀಪ ಆರಿಸಿ ಹೋದರೆ, ಆಕೆ ಊಟ ಮಾಡಿ ರಾತ್ರಿ ಇಳಿಯುವಾಗ ಜಾರಿದಂತೆ ಕಾಣುತ್ತದೆ. ರಾತ್ರಿ ನೂರಾರು ಜನರ ಕಣ್ಣೆದುರು ಇದ್ದವರಿಗೆ ಅದರಿಂದ ಬಹಳ ಅನುಕೂಲ.

ಯಾರೂ ಯಾರ ಮುಖವನ್ನೂ ನೋಡಲಿಲ್ಲ.

"ಇನ್ನು ಯಾರು ಅನ್ನೋದು. ಈ ಮೆಟ್ಟಿಲಲ್ಲಿ ಇದ್ದ ಸಂಖ್ಯೆ ತಪ್ಪು. ಈ ತಾಯಿ ಕಿವಿಯಿಂದ ಕೇಳಿದ್ದು ಕೊನೆಗೆ ಒಂದು, ಮೂರು, ಮೂರು. ನಾವು ನೋಡಿದ್ದು ಮೂರು, ಒಂದು, ಮೂರು. ಯಾವುದು ಸರಿ? ನನಗೆ ಗಣಿತ ಬರಲ್ಲ, ಭಾಗಾಕಾರ ಬರುತ್ತೆ. ಮೆಟ್ಟಿಲಲ್ಲಿ ಇದ್ದದ್ದನ್ನ ಏಳರಿಂದ ಭಾಗಿಸಿದೆ. ಒಂದು ಕೋಟಿ ಐದ್ಲಕ್ಷ ಅರವತ್ತೆರಡು ಸಾವಿರದ ಏಳ್ನೂರ ಐವತ್ತೊಂಬತ್ತು ಬಂತು, ಶೇಷ ಸೊನ್ನೆ. ಒಂಟಿ ಅಲ್ಲ ಅದು. ಜೀವಮಾನವೆಲ್ಲ ಆ ಸಂಖ್ಯೆಯ ಜೊತೆ ಬದುಕಿದವರು ಹಾಗೆ ಹಾಕೋದಿಲ್ಲ."

ಕರಡಪ್ಪನ ಕಿವಿ ಬಿಸಿಯಾಯಿತು. ಎರಡು ಪ್ರತಿಗಳನ್ನು ತಾಳೆ ನೋಡಿ ಎರಡೂ ಒಂದೇ ಎಂದು ಸಮಾಧಾನಪಟ್ಟಿದ್ದ. ಎರಡಕ್ಕೂ ಮೂಲ ಒಂದೇ ತಪ್ಪಾಗಿರಬಹುದೆಂದು ಅವನಿಗೆ ಹೊಳೆದಿರಲಿಲ್ಲ.

ನಿಧಾನಯ್ಯ ಒಬ್ಬೊಬ್ಬರನ್ನಾಗಿ ಬಿಡಿಸುತ್ತ ಹೋದರು. ಬಣ್ಣದವನು ಹಾಕಿದ್ದರೆ ಬೆನ್ನಿನ ಪೆನ್ಸಿಲ್ ಗುರುತು ನೋಡಿ ಸರಿಯಾಗಿಯೇ ಹಾಕುತ್ತಿದ್ದ. ಈಗ ಬಿಡಿಸಿ ನೋಡಿದರೆ ಆರನೇ ಮೆಟ್ಟಿಲಿನ ತಗಡಿನ ಬೆನ್ನಿಗೆ ಏಳು ಎಂದೂ, ಏಳನೆಯದರ ಬೆನ್ನಿಗೆ ಆರು ಎಂದೂ ಇದೆ. ದರ್ಜಿಗೆ ಸರಿಯಾದ ಕ್ರಮ ಕಿವಿಯಲ್ಲೇ ಇತ್ತು. ತಂಗಿಗೆ ಮೊದಲ ಅಂಕಿ ಬಿಟ್ಟು ಏನೂ ಗೊತ್ತಿರಲಿಲ್ಲ. ಅವಳಾಗಿದ್ದರೆ ತಗಡು ತಿರುಗಿಸಿ ಗುರುತು ಹುಡುಕುತ್ತಿದ್ದಳು. ಗಾಜಿನ ಗುಂಡಿನಲ್ಲೂ ಇದೇ ತಪ್ಪು ಇದೆ ನಿಜ, ಆದರೆ ಅದು ಬೀಗ ಹಾಕಿದ ಕೋಣೆಯೊಳಗಿತ್ತು, ಕೀಲಿಕೈ ಸತ್ತವರ ಜೇಬಿನಲ್ಲಿ. ಅಲ್ಲಿಂದ ನೋಡಿ ಹಾಕಲು ಯಾರಿಗೂ ಸಾಧ್ಯವಿರಲಿಲ್ಲ.

"ಗೊತ್ತಿಲ್ಲದವನು ಹಿಂದೆ ಮುಂದೆ ತಿರುಗಿಸಿ ನೋಡ್ತಾನೆ. ಗೊತ್ತಿದೆ ಅಂದ್ಕೊಂಡವನು ನೋಡೋದಿಲ್ಲ. ಈ ತಪ್ಪನ್ನ ತಲೆಯಲ್ಲೇ ಹೊತ್ಕೊಂಡಿದ್ದವರು ಒಬ್ಬರೇ. ಕೆತ್ತುವವನಿಗೆ ಎಲ್ಲೂ ನೋಡದೆ ಹೇಳಿದವರು." ನಿಧಾನಯ್ಯನವರ ದನಿ ಏರಲಿಲ್ಲ. "ಅಕ್ಕ ಫೋನಲ್ಲಿ ಹೇಳಿದ್ದು ಕಳ್ಳರ ಮಾತಲ್ಲಮ್ಮ. ಒಂಟಿ ಅಲ್ಲ, ಒಳಗೆ ಯಾರೋ ಇದ್ದಾರೆ ಅಂದದ್ದು ಸಂಸ್ಥೆಯ ಗೋಡೆ ಮೇಲಿರೋ ಸಂಖ್ಯೆಗೆ. ಅದು ಅವಿಭಾಜ್ಯ ಅಲ್ಲ ಅಂತ ಅವರ ಪರೀಕ್ಷೆಯಲ್ಲಿ ಗೊತ್ತಾಗಿತ್ತು, ಭಾಜಕ ಯಾವುದು ಅಂತ ಗೊತ್ತಾಗಿರಲಿಲ್ಲ. ನಾನು ಈ ಮೆಟ್ಟಿಲ ಮೇಲೆ ಇನ್ನೊಬ್ಬರು ಇದ್ದರು ಅಂತ ಮೊದಲು ತಿಳ್ಕೊಂಡು, ಯಾರು ಅಂತ ಆಮೇಲೆ ತಿಳ್ಕೊಂಡೆ. ಅವರಿಗೆ ಆ ಆಮೇಲೆ ಸಿಗಲಿಲ್ಲ."

ಇನ್ಸ್‌ಪೆಕ್ಟರ್ ಬಟ್ಟೆ ಬಿಡಿಸಿದರು. ಎಂಟನೇ ಮೆಟ್ಟಿಲಿನ ತಗಡಿನ ಅಂಚಿನಲ್ಲಿ, ಹಸಿ ಬಣ್ಣದಲ್ಲಿ ಒತ್ತಿ ಒಣಗಿದ ಹೆಬ್ಬೆರಳಿನ ಗುರುತು ಅಚ್ಚೊತ್ತಿದಂತಿತ್ತು. ನಿರ್ದೇಶಕರು ತಮ್ಮ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿಕೊಂಡರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು. ಅದು ಅವರಿಗೂ ತಿಳಿಯಿತೋ ಏನೋ, ಮೆಲ್ಲಗೆ ಕೈ ಬಿಚ್ಚಿದರು.

"ವೇದಿಕೆ ಹತ್ತೋ ಮುಂಚೆ ಬಂದು ಹೋಗು ಅಂದ್ಲು. ಬಂದೆ," ಎಂದರು. "ಎರಡನ್ನ ಇಟ್ಕೊಂಡು ಮಾತ್ರ ಪರೀಕ್ಷೆ ಮಾಡಿದ್ದೀಯ, ನಿನ್ನ ಗೋಡೆ ಮೇಲಿನ ಜಾತಿ ಸಂಖ್ಯೆಗಳು ಅದರಲ್ಲಿ ಯಾವಾಗಲೂ ಪಾಸಾಗ್ತವೆ, ಮೂರನ್ನ ಇಟ್ಕೊಂಡು ಮಾಡಿ ನೋಡು ಅಂದ್ಲು. ತಗಡು ತೂಗುಹಾಕ್ತಾ, ಮಗ್ಗಿ ತಪ್ಪಿದ ಹುಡುಗನಿಗೆ ಹೇಳೋ ಹಾಗೆ. ಸಭೆ ಮುಗೀಲಿ ಅಂದೆ. ಇಲ್ಲ, ಇವತ್ತೇ ಹೇಳಿಬಿಡು ಅಂತ ತೋಳು ಹಿಡ್ಕೊಂಡ್ಲು. ನಾನು ಕೊಡವಿದೆ. ಅಷ್ಟೇ. ಕೊಲ್ಲಬೇಕು ಅಂತಿರಲಿಲ್ಲ."

"ಬಿದ್ದ ಮೇಲೆ ಉಸಿರಿತ್ತಾ?" ಎಂದು ಕೇಳಿದವಳು ತಂಗಿ.

ಅವರ ಕಣ್ಣು ಮೆಟ್ಟಿಲ ಬುಡದ ಕಲ್ಲುಹಾಸಿಗಿಳಿಯಿತು. ಅದೇ ಉತ್ತರವಾಯಿತು. ತಂಗಿ ಮುಖವನ್ನು ಮೊಣಕಾಲಿಗೆ ಒತ್ತಿಕೊಂಡಳು. ದರ್ಜಿ ಬಂದು ಪಕ್ಕದಲ್ಲಿ ಕುಳಿತು ಅವಳ ಬೆನ್ನಿನ ಮೇಲೆ ಕೈಯಿಟ್ಟಳು.

ಸ್ವಲ್ಪ ಹೊತ್ತಿನ ಮೇಲೆ ನಿರ್ದೇಶಕರು, ಆ ಮಾತು ಈಗ ಯಾವುದಕ್ಕೂ ಬರುವುದಿಲ್ಲವೆಂದು ಗೊತ್ತಿದ್ದವರಂತೆ, "ಗುಂಡಿನಲ್ಲಿ ತಪ್ಪಿದೆ ಅಂತ ಒಂದು ಮಾತು ಹೇಳಬಹುದಿತ್ತು. ಕೊಟ್ಟ ದಿನವೇ ಗೊತ್ತಾಗಿರುತ್ತೆ ಅವಳಿಗೆ," ಎಂದರು.

"ಗೊತ್ತಿತ್ತು," ಎಂದಳು ದರ್ಜಿ. "ಒಂದು ಸಲ ಮೇಲೆ ಹೋದಾಗ ಕೇಳಿದ್ದೆ, ಇದು ಮೆಟ್ಟಿಲಿನ ನಂಬರ್ರಾ ಅಂತ. ಅಲ್ಲ, ಇದು ಒಬ್ಬರು ನನಗೋಸ್ಕರ ನೆನಪಿಟ್ಟುಕೊಂಡ ನಂಬರು ಅಂದ್ರು. ಒರೆಸ್ತಾ ಇದ್ರು ಆವಾಗ."

ನಿರ್ದೇಶಕರು, ಇನ್ಸ್‌ಪೆಕ್ಟರ್ ಬಾಗಿಲು ತೆರೆದಾಗ ತಲೆ ಬಗ್ಗಿಸಿಕೊಂಡು ಓಣಿಗಿಳಿದರು.

ಮನೆಗೆ ನಡೆಯುತ್ತ ಕರಡಪ್ಪ ಅದನ್ನೇ ಯೋಚಿಸುತ್ತಿದ್ದ. ಸಾವಿರಾರು ಅಂಕಿಯ ತಪ್ಪನ್ನು ಒಂದು ದಿನವೂ ಸಹಿಸದ ಹೆಂಗಸು, ಎಂಟು ಅಂಕಿಯ ತಪ್ಪನ್ನು ಮೂರು ವರ್ಷ ಮೇಜಿನ ಮೇಲಿಟ್ಟುಕೊಂಡಿದ್ದಳು. ತಿದ್ದುವುದೇ ಕಸುಬಾದ ಅವನಿಗೆ ಅದು ಅರ್ಥವಾಗಲಿಲ್ಲ. ಆಮೇಲೆ, ಬೀದಿಯ ತಿರುವಿನಲ್ಲಿ, ಅರ್ಥವಾಯಿತು. ನಿಧಾನಯ್ಯ ಅವನ ಮುಖ ನೋಡಿ, ಏನನ್ನೂ ಕೇಳದೆ, ಹೆಜ್ಜೆಯನ್ನು ಇನ್ನಷ್ಟು ನಿಧಾನ ಮಾಡಿದರು.

ನಿರ್ದೇಶಕರಿಗೆ ಶಿಕ್ಷೆಯಾಯಿತು. ಸಂಸ್ಥೆಯವರು ಕಂಪ್ಯೂಟರಿನಲ್ಲಿ ಉಳಿದಿದ್ದ ಲೆಕ್ಕವನ್ನು ಮತ್ತೆ ಮಾಡಿ ನೋಡಿ, ಗೋಡೆಯ ಸಂಖ್ಯೆ ಅವಿಭಾಜ್ಯವಲ್ಲವೆಂದು ಆಕೆಯ ಹೆಸರಿನಲ್ಲೇ ಪ್ರಕಟಿಸಿದರು. ತಂಗಿ ಮನೆಯನ್ನು ಮಾರುತ್ತಾಳೆಂದು ಎಲ್ಲರೂ ಎಣಿಸಿದ್ದರು. ಅವಳು ಮಾರಲಿಲ್ಲ. ತನ್ನ ಊರಿನ ಮನೆ ಬಿಟ್ಟು ಮಹಡಿಗೆ ಬಂದು ಇರತೊಡಗಿದಳು.

ಒಂದು ಭಾನುವಾರ ಅವಳು ಎಲ್ಲರನ್ನೂ ಊಟಕ್ಕೆ ಕರೆದಳು. ಅಡುಗೆ ಮುಗಿದ ಮೇಲೆ ನೋಡಿದರೆ ಆ ಮನೆಯಲ್ಲಿದ್ದದ್ದು ಒಂದೇ ಕುರ್ಚಿ. ತಂಗಿ ಏನು ಮಾಡುವುದೆಂದು ತೋಚದೆ ಬಾಗಿಲಲ್ಲೇ ನಿಂತಳು. ದರ್ಜಿ ಕೆಳಗೆ ಹೋಗಿ ಮೆಷಿನ್ನಿನ ಮುಂದಿನ ಸ್ಟೂಲು ಎತ್ತಿಕೊಂಡಳು. ಬಣ್ಣದವನು ಗಾಡಿಯಿಂದ ತನ್ನ ಕೆಲಸದ ಮರದ ಪೆಟ್ಟಿಗೆ ಇಳಿಸಿದ. ಕರಡಪ್ಪ ಅಚ್ಚುಕೂಟಕ್ಕೆ ಓಡಿಹೋಗಿ, ತಾನು ದಿನವೂ ಕುಳಿತು ಕರಡು ತಿದ್ದುವ ಕುರ್ಚಿಯನ್ನು ಒಂದು ಕೈಯಲ್ಲೂ ನಿಧಾನಯ್ಯನವರ ಮಡಚುವ ಕುರ್ಚಿಯನ್ನು ಇನ್ನೊಂದು ಕೈಯಲ್ಲೂ ಹಿಡಿದು ಬೆವರುತ್ತ ಬಂದ. ಮೆಟ್ಟಿಲು ಇಕ್ಕಟ್ಟು, ಒಬ್ಬರ ಹಿಂದೆ ಒಬ್ಬರು, ಗೋಡೆಗೆ ತಾಗದಂತೆ ಹೇಳಿಕೊಳ್ಳುತ್ತ, ಅವರವರ ಆಸನವನ್ನು ಅವರವರೇ ಹೊತ್ತುಕೊಂಡು ಮೇಲೆ ಹತ್ತಿದರು. ಒಬ್ಬರಿಗೆಂದು ಮಾಡಿದ ಮೇಜಿಗೆ ಐವರು ಸುತ್ತ ಕುಳಿತಾಗ ಮೊಣಕೈಗೆ ಮೊಣಕೈ ತಾಗುತ್ತಿತ್ತು. ಯಾರೂ ಸರಿದು ಕುಳಿತುಕೊಳ್ಳಲಿಲ್ಲ.